ಮುಖ ನೋಡಿ ಟಿಕೆಟ್ ಕೊಡುವವಳು

ನಮ್ಮ ದೊಡ್ಡಮ್ಮ ಇಪ್ಪತ್ತಾರು ವರ್ಷ ಒಂದು ಚಿತ್ರಮಂದಿರದ ಟಿಕೆಟ್ ಕಿಂಡಿಯ ಹಿಂದೆ ಕೂತು, ಯಾರು ಯಾವ ಸಿನಿಮಾ ನೋಡಬೇಕು, ಯಾವುದನ್ನು ನೋಡಬಾರದು ಎಂದು ಊರಿಗೆಲ್ಲ ಹೇಳಿದಳು. ಆ ಇಪ್ಪತ್ತಾರು ವರ್ಷಗಳಲ್ಲಿ ಅವಳು ಒಂದೇ ಒಂದು ಸಿನಿಮಾವನ್ನೂ ನೋಡಿರಲಿಲ್ಲ. ಇದು ಗೊತ್ತಿದ್ದದ್ದು ನನಗೆ. ಬಾಗಿಲಲ್ಲಿ ನಿಂತು ಟಿಕೆಟ್ ಹರಿಯುವ ಕೆಲಸ ನನ್ನದು. ಈ ಗುಟ್ಟು ಕಾಯುವ ಕೆಲಸ ಸಂಬಳವಿಲ್ಲದೆ ಅಂಟಿಕೊಂಡದ್ದು. ದೊಡ್ಡಪ್ಪನಿಗೂ ಗೊತ್ತಿತ್ತೋ ಏನೋ, ಅವರು ಬಾಯಿ ಬಿಡುವ ಪೈಕಿ ಅಲ್ಲ.

ನಮ್ಮದು ನೂರ ಹನ್ನೆರಡು ಕುರ್ಚಿಗಳ ಪುಟ್ಟ ಚಿತ್ರಮಂದಿರ. ಎಡಕ್ಕೆ ಔಷಧಿ ಅಂಗಡಿ, ಬಲಕ್ಕೆ ಬೀಗ ರಿಪೇರಿಯವನು, ಎದುರಿಗೆ ಬಸ್ ನಿಲ್ದಾಣ. ಯಜಮಾನಿಗೆ ಇದು ತಂದೆಯಿಂದ ಬಂದದ್ದು. ಅವರ ಅಭಿರುಚಿ ಎಲ್ಲಿಂದ ಬಂತು ಎಂದು ಮಾತ್ರ ಯಾರಿಗೂ ತಿಳಿಯದು. ಮಂಗಳವಾರ ಮೂಕಿ ಚಿತ್ರ ಹಾಕಿದರೆ ಬುಧವಾರ ದೈತ್ಯ ಏಡಿಯೊಂದು ಊರನ್ನು ನುಂಗುವ ಚಿತ್ರ. ಗುರುವಾರ ಮೂರು ಗಂಟೆ ಹತ್ತು ನಿಮಿಷದ ಒಂದು ಸಿನಿಮಾ, ಅದರಲ್ಲಿ ಒಬ್ಬ ಕುರುಬ ಮನೆ ಬದಲಾಯಿಸುತ್ತಾನೆ, ಅಷ್ಟೇ. ಶುಕ್ರವಾರ ಬಸವನಹುಳುವಿನ ಕಾರ್ಟೂನು, ಶನಿವಾರ ಕುಸ್ತಿ ಪೈಲ್ವಾನರು, ಭಾನುವಾರ ಮಧ್ಯಾಹ್ನ ಯಾವುದೋ ಹಳೆಯ ಕಪ್ಪುಬಿಳುಪು. ಇದೇನು ಇದಕ್ಕೊಂದು ತಲೆಬುಡ ಬೇಡವೇ ಎಂದು ಯಾರಾದರೂ ಕೇಳಿದರೆ ಯಜಮಾನಿ, "ತಲೆ ನೋಡೋರದ್ದು, ಬುಡ ಕುರ್ಚಿದು. ನನ್ನ ಕೆಲಸ ಬರೀ ದೀಪ ಆರಿಸೋದು" ಎಂದು ಹೇಳಿ ಮೇಲಿನ ತಮ್ಮ ಕೋಣೆಗೆ ಹೋಗಿಬಿಡುತ್ತಿದ್ದರು.

ಇಂಥ ಕಲಸುಮೇಲೋಗರ ಇರುವಲ್ಲಿ ಜನ ಕಿಂಡಿಯ ಹತ್ತಿರ ಬಂದು "ಇವತ್ತಿಂದು ಹೇಗಿದೆ?" ಎಂದು ಕೇಳದೆ ಇರುತ್ತಾರೆಯೇ? ಕೇಳಿದರು. ಕಿಂಡಿ ಇರುವುದು ಹೊರಬರುವ ಬಾಗಿಲಿಗೆ ನೇರ ಎದುರು. ತಡವಾಗಿ ಬರುವವರಿಗೆ ಟಿಕೆಟ್ ಕೊಟ್ಟು, ಫೋನಿಗೆ ಉತ್ತರ ಹೇಳಿ, ಮುಂದಿನ ಆಟಕ್ಕೆ ಅಣಿ ಮಾಡುವಷ್ಟರಲ್ಲಿ ಸಿನಿಮಾ ಮುಗಿದು ಜನ ಹೊರಬರುತ್ತಿದ್ದರು. ದೊಡ್ಡಮ್ಮ ನೋಡಿದ್ದು ಅವರನ್ನು. ಹಾಗೇ ಶುರುವಾಯಿತು.

"ಬಾಯಿ ಕೇಳಬೇಡ, ಭುಜ ನೋಡು" ಎಂದು ನನಗೂ ಕಲಿಸಿದ್ದಳು. ಚೆನ್ನಾಗಿತ್ತು ಎಂದು ಬಾಯಲ್ಲಿ ಹೇಳುತ್ತಾ ಗಡಿಯಾರ ನೋಡುವವರು ಸುಳ್ಳು ಹೇಳುತ್ತಿದ್ದಾರೆ. ಏಡಿ ಚಿತ್ರ ನೋಡಿ ಬಂದವರು ಬಾಗಿಲಲ್ಲಿ ಒಬ್ಬರಿಗೊಬ್ಬರು ದಾರಿ ಬಿಡುತ್ತಾರೆ, ಜೀವ ಉಳಿದದ್ದೇ ಹೆಚ್ಚು ಎನ್ನುವ ಸೌಜನ್ಯ. ನಿಜವಾಗಿ ಅಳಿಸಿದ ಚಿತ್ರವಾದರೆ ಯಾರೂ ಕಣ್ಣು ಒರೆಸುವುದಿಲ್ಲ, ಚಪ್ಪಲಿ ನೋಡುತ್ತಾ ನಡೆಯುತ್ತಾರೆ. ಕುರುಬನ ಸಿನಿಮಾದಿಂದ ಅರ್ಧ ಜನ ಎಲ್ಲಿಗೂ ಹೋಗಬೇಕಿಲ್ಲ ಎನ್ನುವಂತೆ ಬಂದರು, ಉಳಿದರ್ಧ ಶೌಚಾಲಯಕ್ಕೆ ಓಡಿದರು. ಹಾಗಾಗಿ ಎರಡನೇ ಆಟಕ್ಕೆ ಬಂದವರಿಗೆ ದೊಡ್ಡಮ್ಮ, "ಒಳ್ಳೆ ಸಿನಿಮಾ. ನೀರು ಕುಡೀದೆ ಒಳಗೆ ಹೋಗಿ" ಎಂದಳು. ಇಷ್ಟು ಖಚಿತವಾದ ವಿಮರ್ಶೆ ನಾನು ಯಾವ ಪತ್ರಿಕೆಯಲ್ಲೂ ಓದಿಲ್ಲ.

ಮೊದಲ ಆಟದವರಿಗೆ ಮಾತ್ರ, "ನೀವೇ ನೋಡಿ ಬಂದು ನನಗೆ ಹೇಳಿ" ಎನ್ನುತ್ತಿದ್ದಳು. ಅವರು ಅದನ್ನು ವಿನಯ ಎಂದುಕೊಂಡರು.

ಬರಬರುತ್ತಾ ಅವಳು ಚಿತ್ರದ ಬಗ್ಗೆ ಹೇಳುವುದು ಬಿಟ್ಟು ಮನುಷ್ಯರನ್ನೇ ವಿಂಗಡಿಸತೊಡಗಿದಳು. ಹೆಂಡತಿ ತೀರಿಕೊಂಡ ಮೇಲೆ ಮೊಳೆ ಅಂಗಡಿಯವರು ಅಂಗಡಿ ಮುಚ್ಚಿ ಮೊದಲ ಸಲ ಇತ್ತ ಬಂದಾಗ ಅಳುವ ಚಿತ್ರವೊಂದಿತ್ತು. ದೊಡ್ಡಮ್ಮ ಟಿಕೆಟ್ ಕೊಡಲಿಲ್ಲ. "ನಾಳೆ ಬನ್ನಿ, ಏಡಿ ಇದೆ" ಎಂದಳು. ಆ ಏಡಿಯನ್ನು ಅವರು ಆ ತಿಂಗಳಲ್ಲಿ ಮೂರು ಸಲ ನೋಡಿದರು. ಮೂರನೇ ಸಲ ಒಳಗಿನಿಂದ ಅವರ ನಗು ನನಗೆ ಕೇಳಿಸಿತು. ಆಗಷ್ಟೇ ಮದುವೆ ನಿಶ್ಚಯವಾದ ಜೋಡಿಯೊಂದು ಕುರುಬನ ಸಿನಿಮಾಕ್ಕೆ ಬಂದಾಗ, "ಮದುವೆ ಆಗ್ಲಿ, ಹತ್ತು ವರ್ಷ ಹೋಗ್ಲಿ, ಆಮೇಲೆ ಬನ್ನಿ. ಆಗ ಇಬ್ಬರಿಗೂ ಮೂರು ಗಂಟೆ ಸುಮ್ಮನೆ ಕೂರೋದು ಬೇಕಾಗಿರುತ್ತೆ" ಎಂದು ವಾಪಸ್ಸು ಕಳಿಸಿದಳು. ಬಂದ ಗಿರಾಕಿಯನ್ನು ಓಡಿಸುವ ಟಿಕೆಟ್ಟಿನವಳು ಪ್ರಪಂಚದಲ್ಲಿ ಇವಳೊಬ್ಬಳೇ ಇರಬೇಕು. ಆದರೂ ಜನ ಬರುತ್ತಲೇ ಇದ್ದರು, ಬೈಸಿಕೊಂಡವರು ಮೊದಲು ಬರುತ್ತಿದ್ದರು.

ಅವಳ ವಿದ್ಯೆಗೆ ಜಗ್ಗದ ಮುಖ ಒಂದೇ ಒಂದು, ಅದು ದೊಡ್ಡಪ್ಪನದು. ಅವರದು ಕನ್ನಡಕದ ಅಂಗಡಿ. ಭಾನುವಾರ ಅಂಗಡಿಗೆ ರಜ, ಮಧ್ಯಾಹ್ನದ ಆಟಕ್ಕೆ ತಪ್ಪದೆ ಬರುತ್ತಿದ್ದರು, ಕೊನೆಯ ಸಾಲಿನ ಕೊನೆಯ ಕುರ್ಚಿ. ಅಳುವ ಚಿತ್ರವಿರಲಿ, ನಗುವ ಚಿತ್ರವಿರಲಿ, ಹೊರಬರುವಾಗ ಅದೇ ಮುಖ: ಹುಬ್ಬು ಸ್ವಲ್ಪ ಮೇಲೆ, ಬಾಯಿ ಸ್ವಲ್ಪ ತೆರೆದು, ಕತ್ತು ಚಾಚಿ, ಬಸ್ಸಿಗೆ ಕಾದವರ ಹಾಗೆ. "ನಿಮ್ಮ ದೊಡ್ಡಪ್ಪನಿಗೆ ಸಿನಿಮಾ ತೋರ್ಸೋದು ಕೋಣನ ಮುಂದೆ ಕಿನ್ನರಿ ಬಾರಿಸಿದ ಹಾಗೆ" ಎಂದು ದೊಡ್ಡಮ್ಮ ಅವರ ಎದುರೇ ಹೇಳುತ್ತಿದ್ದಳು. ಅವರು ಕನ್ನಡಕ ತೆಗೆದು ಒರೆಸಿಕೊಳ್ಳುತ್ತಿದ್ದರು.

ಇನ್ನೊಬ್ಬರು ಕೊಡೆ ಮೇಷ್ಟ್ರು. ನಿವೃತ್ತರು, ಬಿಸಿಲಿರಲಿ ಇಲ್ಲದಿರಲಿ ಕೈಯಲ್ಲಿ ಕೊಡೆ. ಒಳಗೆ ಹೋದರೆ ಪಕ್ಕದ ಕುರ್ಚಿಯಲ್ಲಿ ಕೊಡೆಯನ್ನು ಕೂರಿಸುತ್ತಿದ್ದರು, ಅದಕ್ಕೆ ಟಿಕೆಟ್ ಇಲ್ಲ ಎಂದು ನಾನು ಪ್ರತಿ ಸಲ ಜಗಳವಾಡುತ್ತಿದ್ದೆ. ಸಿನಿಮಾ ಬಗ್ಗೆ ಬರೆದಿಟ್ಟುಕೊಳ್ಳಲು ಒಂದು ಪುಸ್ತಕ ಬೇರೆ. ದೊಡ್ಡಮ್ಮನ ಮೇಲೆ ಅನುಮಾನ ಇದ್ದದ್ದು ಅವರೊಬ್ಬರಿಗೆ. ಒಮ್ಮೆ ಸಿನಿಮಾ ಮುಗಿಸಿ ಬಂದು ಕಿಂಡಿಗೆ ಬಗ್ಗಿ, "ಕೊನೇ ದೃಶ್ಯದಲ್ಲಿ ನಾಯಕಿ ಹಾಕಿದ್ದ ಕೋಟಿನ ಬಣ್ಣ ಯಾವುದು, ಹೇಳಿ ನೋಡೋಣ" ಎಂದು ಕೇಳಿದರು. ದೊಡ್ಡಮ್ಮ ಅವರನ್ನು ದಿಟ್ಟಿಸಿ, "ನೀವು ಅಳ್ತಾ ಹೊರಗೆ ಬಂದ್ರಿ. ಕೋಟಿನ ಬಣ್ಣ ನಿಮಗೆ ಕಾಣಿಸ್ತಾ?" ಎಂದಳು. ಮೇಷ್ಟ್ರು ಇಂಗು ತಿಂದ ಮಂಗನ ಹಾಗಾದರು.

ಹೀಗಿರುವಾಗ ಯಜಮಾನಿಗೆ ದೊಡ್ಡಮ್ಮನ ಮೇಲೆ ಪ್ರೀತಿ ಉಕ್ಕಿತು. ಬೆಳಗ್ಗೆ ಪರೀಕ್ಷೆಗೆಂದು ಚಿತ್ರ ಓಡಿಸುವಾಗ ದೊಡ್ಡಮ್ಮ ಹಿಂದೆ ಕೂತು ಎಲ್ಲವನ್ನೂ ನೋಡುತ್ತಾಳೆ ಎಂದು ಅವರು ನಂಬಿದ್ದರು. ಆ ಹೊತ್ತಿನಲ್ಲಿ ಅವಳು ಹೊರಗೆ ಗಾಜು ಒರೆಸುತ್ತಿದ್ದಳು. ಒಂದು ಬೆಳಗ್ಗೆ ಯಜಮಾನಿ ಅಚ್ಚು ಮಾಡಿಸಿದ ಹಾಳೆಯನ್ನೇ ತಂದು ಕಿಂಡಿಯಲ್ಲಿ ಇಟ್ಟರು. ಮುಂದಿನ ವಾರ ಪೂರ್ತಿ ದೊಡ್ಡಮ್ಮ ಆರಿಸುವ ಚಿತ್ರಗಳು. ಭಾನುವಾರ ಚಿತ್ರಕ್ಕೆ ಮುಂಚೆ ದೊಡ್ಡಮ್ಮ ವೇದಿಕೆ ಮೇಲೆ ನಿಂತು ಅದರ ಬಗ್ಗೆ ಮಾತಾಡುತ್ತಾಳೆ, ಸಭಿಕರ ಪ್ರಶ್ನೆಗಳಿಗೆ ಉತ್ತರಿಸುತ್ತಾಳೆ. "ಇನ್ನೂರು ಹಾಳೆ ಹಂಚಿಯೂ ಆಯ್ತು" ಎಂದರು ಯಜಮಾನಿ, ಸಂತೋಷದಿಂದ.

ದೊಡ್ಡಮ್ಮ ಚಿತ್ರಗಳನ್ನು ಆರಿಸಿಕೊಟ್ಟಳು, ಅದು ಅವಳಿಗೆ ನೀರು ಕುಡಿದಷ್ಟು ಸುಲಭ. ಭಾನುವಾರಕ್ಕೆ ಹನ್ನೊಂದು ವರ್ಷದ ಹಿಂದೆ ಒಂದೇ ದಿನ ಬಂದು ಹೋಗಿದ್ದ ಚಿತ್ರ: ತಕ್ಕಡಿ ಮಾಡುವ ಅಂಗಡಿಯೊಂದನ್ನು ನಡೆಸುವ, ಪರಸ್ಪರ ಮಾತು ಬಿಟ್ಟ ಅಣ್ಣತಮ್ಮಂದಿರ ಕತೆ. ಆಮೇಲೆ ಮಧ್ಯಾಹ್ನ ನನ್ನನ್ನು ಕಿಂಡಿಯ ಒಳಗೆ ಕರೆದು ಬಾಗಿಲು ಹಾಕಿದಳು. "ಬಂಡವಾಳ ಬಯಲಾಗುತ್ತೆ ಕಣೇ. ಜನ ನನ್ನ ಮಾತು ನಂಬಿದ್ದಾರೆ. ಅದು ಹೋದ್ರೆ ಇದು ಕಿಂಡಿ ಅಲ್ಲ, ಗೋಡೇಲಿ ಒಂದು ತೂತು ಅಷ್ಟೇ. ನಾನು ಇಲ್ಲಿ ಕೂರಲ್ಲ."

ಅದಕ್ಕೇನು, ಮೊದಲೇ ನೋಡಿಬಿಟ್ಟರಾಯಿತು ಎಂದು ನಾನು ಧೈರ್ಯ ಹೇಳಿದೆ. ಯಜಮಾನಿಯ ಹತ್ತಿರ ನೆಪ ಹೇಳಿ ಭಾನುವಾರದ ಸಿನಿಮಾದ ಒಂದು ಪ್ರತಿ ತಂದು ನಮ್ಮ ಮನೆಯ ಊಟದ ಮೇಜಿನ ಮೇಲೆ ಲ್ಯಾಪ್‌ಟಾಪಿನಲ್ಲಿ ಹಾಕಿದೆ. ಹತ್ತು ನಿಮಿಷವಾಗಿರಬೇಕು, ಕೆನ್ನೆಗೆ ಏನೋ ತಾಗಿದಂತೆ ಅನಿಸಿ ತಿರುಗಿದರೆ ದೊಡ್ಡಮ್ಮ ನನ್ನನ್ನೇ ನೋಡುತ್ತಿದ್ದಾಳೆ.

"ಸಿನಿಮಾ ಅಲ್ಲಿದೆ ದೊಡ್ಡಮ್ಮ."

"ಗೊತ್ತು. ನೀನು ನೋಡು, ನಾನು ನಿನ್ನ ನೋಡ್ತೀನಿ. ಈಗ ತಮ್ಮನಿಗೆ ಏನೋ ಆಯ್ತು, ಅಲ್ವಾ?"

ಆಗಿತ್ತು. ನಾನು ಲ್ಯಾಪ್‌ಟಾಪ್ ಮುಚ್ಚಿದೆ. ಇನ್ನು ಉಳಿದದ್ದು ಭಾಷಣ ಬರೆದು ಕೊಡುವುದು. ನೆರಳು ಬೆಳಕು, ಮೌನದ ಭಾಷೆ ಎಂದೆಲ್ಲ ಒಂದೂವರೆ ಪುಟ ಬರೆದೆ. ಅವಳು ಅದನ್ನು ಮಗ್ಗಿಯ ಹಾಗೆ ಉರುಹೊಡೆದಳು. ದೊಡ್ಡಪ್ಪ ಒಂದು ಸಂಜೆ ಕೇಳಿಸಿಕೊಂಡು, "ಚೆನ್ನಾಗಿದೆ. ಯಾರು ಸತ್ತಿದ್ದು?" ಎಂದರಂತೆ.

ಭಾನುವಾರ ನೂರ ಹನ್ನೆರಡು ಕುರ್ಚಿಗಳೂ ತುಂಬಿದವು. ಎರಡನೇ ಸಾಲಿನಲ್ಲಿ ಕೊಡೆ ಮೇಷ್ಟ್ರು, ಪುಸ್ತಕ ತೆರೆದು, ಪೆನ್ನಿನ ಮುಚ್ಚಳ ತೆಗೆದು ಸಿದ್ಧವಾಗಿದ್ದರು, ಪಕ್ಕದಲ್ಲಿ ಕೊಡೆಗೊಂದು ಕುರ್ಚಿ. ಅವತ್ತು ಜಗಳವಾಡುವ ಶಕ್ತಿ ನನಗಿರಲಿಲ್ಲ. ದೊಡ್ಡಮ್ಮ ವೇದಿಕೆ ಹತ್ತಿ ಕಾಗದ ಬಿಚ್ಚಿದಳು. ತಲೆ ಎತ್ತಿ ಜನರನ್ನು ನೋಡಿದಳು. ಇಷ್ಟು ವರ್ಷ ಅವರನ್ನೆಲ್ಲ ಸಿನಿಮಾ ಮುಗಿದ ಮೇಲೆ ಕಂಡವಳು, ಮುಂಚೆ ಹೀಗೆ ಒಟ್ಟಿಗೆ ಕಂಡದ್ದೇ ಇಲ್ಲ. ಕಾಗದವನ್ನು ಮಡಚಿ ಕೈಚೀಲಕ್ಕೆ ಹಾಕಿದಳು. ಮುಗಿಯಿತು ಕತೆ ಎಂದುಕೊಂಡೆ.

"ಈ ಸಿನಿಮಾ ನಾನು ನೋಡಿಲ್ಲ" ಎಂದಳು ದೊಡ್ಡಮ್ಮ. "ಯಾವುದೂ ನೋಡಿಲ್ಲ."

ಯಾರೋ ನಕ್ಕು, ಯಾರೂ ಜೊತೆಗೂಡದ್ದರಿಂದ ನಿಲ್ಲಿಸಿದರು. ಯಜಮಾನಿ ಗೋಡೆಗೆ ಒರಗಿಕೊಂಡರು.

"ನಾನು ನೋಡೋದು ನಿಮ್ಮನ್ನ. ಹೊರಗೆ ಬರ್ತೀರಲ್ಲ, ಆಗ. ಹನ್ನೊಂದು ವರ್ಷದ ಹಿಂದೆ ಈ ಸಿನಿಮಾ ಬಿಟ್ಟಾಗ ಯಾರೂ ಮನೆಗೆ ಹೋಗ್ಲಿಲ್ಲ. ಮೆಟ್ಟಿಲ ಮೇಲೆ ಕೂತ್ರು. ಒಂಬತ್ತು ಜನ ಫೋನ್ ತೆಗೆದು ಯಾರಿಗೋ ಮಾತಾಡಿದ್ರು, ಎಣಿಸಿದ್ದೀನಿ. ಮೇಷ್ಟ್ರೇ, ನೀವು ಅವತ್ತು ಕೊಡೆ ಮರೆತು ಹೋದ್ರಿ. ಅದಕ್ಕೆ ಮುಂಚೆ ಮರೆತಿಲ್ಲ, ಆಮೇಲೂ ಮರೆತಿಲ್ಲ. ಹಾಗಾಗಿ ಒಳಗೆ ಏನೋ ಇದೆ ಅಂತ ಆರಿಸಿದೆ. ಏನಿದೆ ಅಂತ ನನಗೆ ಗೊತ್ತಿಲ್ಲ. ಇಷ್ಟು ದಿನ ಗೊತ್ತಿರೋ ಹಾಗೆ ಕೂತಿದ್ದು ತಪ್ಪಾಯ್ತು."

ಕೊಡೆ ಮೇಷ್ಟ್ರು ಎದ್ದು ನಿಂತರು. ಬಂತು ಗ್ರಹಚಾರ ಎಂದು ನಾನು ಕಣ್ಣು ಮುಚ್ಚಿಕೊಂಡೆ. ಏನೂ ಕೇಳಿಸದೆ ಮತ್ತೆ ಕಣ್ಣು ತೆರೆದಾಗ ಅವರು ಪಕ್ಕದ ಕುರ್ಚಿಯಿಂದ ಕೊಡೆಯನ್ನು ಎತ್ತಿಕೊಂಡು ಕಂಕುಳಲ್ಲಿ ಸಿಕ್ಕಿಸಿಕೊಳ್ಳುತ್ತಿದ್ದರು.

"ಹಾಗಾದ್ರೆ ಬನ್ನಿ, ಕೂತ್ಕೊಳ್ಳಿ" ಎಂದರು.

"ಕಿಂಡೀಲಿ ಯಾರಿರ್ತಾರೆ?" ದೊಡ್ಡಮ್ಮನಿಗೆ ಆಗಲೂ ಅದೇ ಚಿಂತೆ.

"ನಾನಿರ್ತೀನಿ" ಎಂದು ಕೊನೆಯ ಸಾಲಿನಿಂದ ದೊಡ್ಡಪ್ಪನ ದನಿ ಬಂತು. ಆಗಲೇ ಎದ್ದು ಬಾಗಿಲ ಹತ್ತಿರ ಬಂದಿದ್ದರು.

ಸಿನಿಮಾದ ಬಗ್ಗೆ ನಾನು ಹೇಳುವುದಿಲ್ಲ, ಅದು ಕಿಂಡಿಯಲ್ಲಿ ಕೇಳಬೇಕಾದ ವಿಷಯ. ಮುಗಿದ ಮೇಲೆ ಜನ ಹೊರಬಂದರು, ಮೆಟ್ಟಿಲು ಇಳಿಯದೆ ಕಿಂಡಿಯ ಮುಂದೆ ಸಾಲು ನಿಂತರು. ಮೊಳೆ ಅಂಗಡಿಯವರು ಎಲ್ಲರಿಗಿಂತ ಮುಂದೆ. "ಮಂಗಳವಾರದ್ದು ನನಗೆ ಆಗುತ್ತಾ?" ಎಂದು ಕೇಳಿದರು.

"ಅವಳು ಬರ್ಲಿ, ಅವಳನ್ನೇ ಕೇಳಿ" ಎಂದರು ದೊಡ್ಡಪ್ಪ ಒಳಗಿನಿಂದ. "ನಾನು ಬರೀ ನೋಡೋನು, ನನಗೇನು ಗೊತ್ತಾಗುತ್ತೆ."

ಮೊಳೆ ಅಂಗಡಿಯವರು ಅದು ಸರಿ ಎಂಬಂತೆ ತಲೆಯಾಡಿಸಿ ಕಾದು ನಿಂತರು. ಹಿಂದಿನವರೂ ಕಾದರು. ದೊಡ್ಡಮ್ಮನ ಮಾತಿನ ಬೆಲೆ ಒಂದಿಷ್ಟೂ ಇಳಿದಿರಲಿಲ್ಲ.

ಎಲ್ಲರ ಕೊನೆಗೆ ಅವಳು ಬಂದಳು. ಸಾಲಿನಲ್ಲಿದ್ದ ಅಷ್ಟೂ ಜನ ತಿರುಗಿ ಅವಳ ಮುಖ ನೋಡಿದರು, ನಾನೂ ನೋಡಿದೆ. ಅಳು ಇರಲಿಲ್ಲ, ನಗು ಇರಲಿಲ್ಲ. ಹುಬ್ಬು ಸ್ವಲ್ಪ ಮೇಲೆ, ಬಾಯಿ ಸ್ವಲ್ಪ ತೆರೆದು, ಕತ್ತು ಚಾಚಿ ಜನರ ತಲೆಗಳ ಮೇಲಿಂದ ಕಿಂಡಿಯ ಕಡೆ ನೋಡುತ್ತಿದ್ದಳು. ಆ ಮುಖ ನನಗೆ ಚೆನ್ನಾಗಿ ಗೊತ್ತಿತ್ತು. ವರ್ಷಗಟ್ಟಲೆ ಪ್ರತಿ ಭಾನುವಾರ ನಾನು ಬಾಗಿಲು ತೆರೆದು ಹೊರಗೆ ಬಿಟ್ಟ ಮುಖ ಅದು.

ಜನ ದಾರಿ ಬಿಟ್ಟರು. ಅವಳು ಕಿಂಡಿಯ ಮುಂದೆ, ಮೊದಲ ಸಲ ಗಿರಾಕಿಯ ಹಾಗೆ ಹೊರಗಡೆಯಿಂದ, ನಿಂತಳು.

"ಹೇಗಿತ್ತು?" ದೊಡ್ಡಪ್ಪ ಕೇಳಿದರು.

"ಮುಖ ನೋಡಿ ಹೇಳಿ."

ದೊಡ್ಡಪ್ಪ ಕನ್ನಡಕ ಒರೆಸಿ ಹಾಕಿಕೊಂಡು ನಿಧಾನವಾಗಿ ನೋಡಿದರು. "ಸಿನಿಮಾ ಹೇಗಿತ್ತೋ ಗೊತ್ತಾಗಲ್ಲ. ನೀನು ನನ್ನ ಹುಡುಕ್ತಾ ಬಂದೆ, ಅಷ್ಟು ಕಾಣುತ್ತೆ."

ದೊಡ್ಡಮ್ಮ ಕಿಂಡಿಯ ಕಟ್ಟೆಯ ಮೇಲೆ ಎರಡೂ ಕೈ ಊರಿ ನಿಂತೇ ಇದ್ದಳು. ಸಾಲಿನಲ್ಲಿ ಯಾರೂ ಅವಸರ ಮಾಡಲಿಲ್ಲ.

"ಇಪ್ಪತ್ತಾರು ವರ್ಷ ನಿಮ್ಮನ್ನ ಕೋಣ ಅಂದೆನಲ್ಲ ರೀ" ಎಂದಳು ಕೊನೆಗೆ.

ದೊಡ್ಡಪ್ಪ ಸ್ಟೂಲಿನ ಮೇಲೆ ಸ್ವಲ್ಪ ಪಕ್ಕಕ್ಕೆ ಸರಿದು ಅವಳಿಗೆ ಜಾಗ ಮಾಡಿದರು.