ಬೆಣ್ಣೆ ಕುಮಾರೇಶನ ಹಾರುಹೆಜ್ಜೆ

ಗೋಕುಲಾಷ್ಟಮಿಯ ಸಂಜೆ, ಹೊಸೂರಿನ ನಂದಿತಾ ಅವರ ಮನೆಯ ಹೊಸ್ತಿಲಲ್ಲಿ, ಶಶಿಕಲಾಳ ಮಗ ಕುಮಾರೇಶ ಅಕ್ಕಿಹಿಟ್ಟು ಕಲಸಿಟ್ಟ ಪಿಂಗಾಣಿ ತಟ್ಟೆಗೆ ಬಲಗಾಲಿಟ್ಟ. ತಟ್ಟೆಯಲ್ಲಿ ಕಾಲು ಹಿಡಿಸಲಿಲ್ಲ. ಹಿಮ್ಮಡಿ ಒಳಗಿತ್ತು, ಬೆರಳುಗಳು ಹೊರಗೆ ನೆಲ ತಡಕುತ್ತಿದ್ದವು. ಒತ್ತಿದ. ತಟ್ಟೆ ಫಟಾರೆಂದು ಎರಡು ಹೋಳಾಯಿತು.

ಬೇರೆ ಊರುಗಳಲ್ಲಿ ಹೆಂಗಸರು ಮುಷ್ಟಿಯನ್ನು ಹಿಟ್ಟಿನಲ್ಲದ್ದಿ ಬಾಗಿಲಿಂದ ದೇವರಮನೆಯವರೆಗೆ ಪುಟ್ಟ ಕೃಷ್ಣನ ಹೆಜ್ಜೆ ಒತ್ತುತ್ತಾರೆ. ಹೊಸೂರಿನ ಅನುಕೂಲಸ್ಥರ ಮನೆಗಳಲ್ಲಿ ಮಾತ್ರ ಕೆಲವು ವರ್ಷಗಳಿಂದ ಸಿನಿಮಾದಲ್ಲಿ ಕೃಷ್ಣನಾಗುವ ಹುಡುಗನನ್ನೇ ಕರೆಸಿ ನಡೆಸುವ ಶೋಕಿ. ಕುಮಾರೇಶ ನೀಲಿ ಬಣ್ಣ ಬಳಿದುಕೊಂಡು, ನವಿಲುಗರಿ ಸಿಕ್ಕಿಸಿಕೊಂಡು, ಬಿಳಿ ಟೈಲ್ಸಿನ ಮೇಲೆ ದೇವರಮನೆಯವರೆಗೂ ನಡೆದ. ನಂದಿತಾ ಹಿಂದಿನಿಂದ ಆ ಗುರುತುಗಳನ್ನು ನೋಡಿದರು.

"ಏನ್ರೀ ಶಶಿಕಲಾ, ಕೃಷ್ಣ ಬಂದ ಹಾಗಿಲ್ಲ. ಪೊಲೀಸಿನವರು ಮನೆ ಜಪ್ತಿಗೆ ಬಂದ ಹಾಗಿದೆ. ಮುಂದಿನ ವರ್ಷ ನಾವೇ ಕೈಯಲ್ಲಿ ಒತ್ಕೋತೀವಿ, ಬಿಡಿ."

ಕೂತಿದ್ದ ಹೆಂಗಸರೆಲ್ಲ ನಕ್ಕರು. ತಾಯಿ ಮಗ ಹೊಸ್ತಿಲು ದಾಟುವ ಮೊದಲೇ ನಂದಿತಾ ನೆಲ ಒರೆಸುವ ಕೋಲು ತಂದಿದ್ದರು.

ಗೇಟಿನಾಚೆ ಶಶಿಕಲಾ ಮಗನ ತೋಳು ಜಿಗುಟಿದಳು. "ಹಾಳಾದ ಕಾಲು! ಯಾಕ್ಲಾ ಇಷ್ಟುದ್ದ ಬೆಳ್ದೆ?"

"ಮುದ್ದೆ ಇಕ್ಕಿದ್ದು ನೀನೇ ಅಲ್ವಾ?" ಎಂದ ಕುಮಾರೇಶ. ಧ್ವನಿ ಮೊದಲರ್ಧ ಹುಡುಗನದು, ಉಳಿದರ್ಧ ಲಾರಿಯದು.

ಗುಮ್ಮಳಾಪುರದ ಈ ಹುಡುಗನಿಗೆ ಆರು ವರ್ಷವಾಗಿದ್ದಾಗ ತಿಮ್ಮರಾಜುವಿನ ಕಣ್ಣು ಅವನ ಮೇಲೆ ಬಿತ್ತು. ರಾಯಕೋಟೆಯಲ್ಲಿ ಮದುವೆ ವಿಡಿಯೋ ತೆಗೆಯುತ್ತಿದ್ದ ತಿಮ್ಮರಾಜು ಹಳೆಯ ಕಾಲದ ಹಾಡಿನ ಸಿನಿಮಾಗಳ ಹುಚ್ಚ. ಅವನು ತೆಗೆಯುವ ಪುರಾಣ ಚಿತ್ರಗಳಲ್ಲಿ ದೇವರಿಗೆ ನೀರಡಿಕೆಯಾದರೂ ಹಾಡಿಯೇ ಕೇಳಬೇಕು. ಆ ಚಿತ್ರಗಳನ್ನು ಜನ ಮೊಬೈಲಿನಲ್ಲಿ ನೋಡುತ್ತಿದ್ದರು, ಹಬ್ಬ ಬಂದರೆ ತೊರಪಲ್ಲಿಯಲ್ಲೂ ಗುಮ್ಮಳಾಪುರದಲ್ಲೂ ಪರದೆ ಕಟ್ಟಿ ತೋರಿಸುತ್ತಿದ್ದರು. ಮೊದಲ ಚಿತ್ರದಲ್ಲೇ ಕುಮಾರೇಶ ರಾಯಕೋಟೆಯ ಕೋಟೆಬಂಡೆಯ ಮೇಲೆ ಒಂದು ಹೆಜ್ಜೆ ಕುಣಿದ. ಒಂದು ಕಾಲು ಊರುವ ಮೊದಲೇ ಇನ್ನೊಂದು ಕಾಲು ಮೇಲೆ. ಎರಡೂ ಗಾಳಿಯಲ್ಲಿ, ಮುಖದಲ್ಲಿ ಮಾತ್ರ ಅದೇನೋ ತನ್ಮಯತೆ. ಸುತ್ತಲ ಶಾಲೆಗಳ ವಾರ್ಷಿಕೋತ್ಸವಗಳಲ್ಲೆಲ್ಲ ಮಕ್ಕಳು ಅದನ್ನೇ ಕುಣಿದವು. ಹೇಳಿಕೊಟ್ಟವರು ಯಾರೆಂದು ಕೇಳಿದರೆ ಶಶಿಕಲಾ ಕಣ್ಣು ಮುಚ್ಚಿ ಆಕಾಶ ತೋರಿಸುತ್ತಿದ್ದಳು.

ತಿಮ್ಮರಾಜುವಿಗೆ ನಡುಹಗಲಿನ ಬೆಳಕೇ ಬೇಕು. ಶೂಟಿಂಗ್ ಎಲ್ಲ ಮಟಮಟ ಮಧ್ಯಾಹ್ನ. ದೇವರು ಚಪ್ಪಲಿ ಮೆಟ್ಟುವುದುಂಟೇ ಎಂದು ಶಶಿಕಲಾ ಮಗನನ್ನು ಬರಿಗಾಲಲ್ಲೇ ನಿಲ್ಲಿಸುತ್ತಿದ್ದಳು. ತಾನು ಮಾತ್ರ ಕೊಡೆ ಹಿಡಿದು ಹುಣಸೆಮರದ ಬುಡದಲ್ಲಿರುತ್ತಿದ್ದಳು.

ಈಗ ಬಾಲಕೃಷ್ಣನ ಬಾಲ ಉದುರಿತ್ತು. ಉಳಿದದ್ದು ಕೃಷ್ಣನೋ ಎಂಬುದು ಅನುಮಾನ. ಮೀಸೆಯನ್ನು ಶಶಿಕಲಾ ವಾರವಾರ ತಾನೇ ಬೋಳಿಸುತ್ತಿದ್ದಳು. ಬೆಣ್ಣೆ ಕದಿಯುವ ಪಾತ್ರಕ್ಕೆ ತಿಮ್ಮರಾಜು ಆಗಲೇ ಮುನೀಶನೆಂಬ ಪೋರನನ್ನು ತಂದಿದ್ದ. ಉಳಿದದ್ದು ಹೊಸ ಚಿತ್ರದ ಹದಿಹರೆಯದ ಕೃಷ್ಣ, ಕೊಳಲು ಹಿಡಿದವನು. ಅದೂ ಕೈ ತಪ್ಪಿದರೆ ಶಶಿಕಲಾ ಬರೀ ಶಶಿಕಲಾ. ರಾಯಕೋಟೆ ಬಸ್ಸಿನಲ್ಲಿ 'ಕೃಷ್ಣನ ತಾಯಿ' ಎಂದು ಎದ್ದು ಸೀಟು ಬಿಡುವವರು ಯಾರೂ ಇರುವುದಿಲ್ಲ. ನಂದಿತಾ ಅವರಂಥವರು ನೆಲ ಒರೆಸಿಕೊಂಡು ಆರಾಮಾಗಿರುತ್ತಾರೆ.

ಅಷ್ಟಮಿ ಕಳೆದ ಭಾನುವಾರ ಅದೇ ಕೋಟೆಬಂಡೆಯ ಮೇಲೆ ಆ ಪಾತ್ರಕ್ಕೆ ಪರೀಕ್ಷೆ. ಬೆಳಗಿನಿಂದ ಮೋಡ ಕವಿದಿತ್ತು. ಶಶಿಕಲಾ ಕೊಡೆ ಬಿಚ್ಚಲೇ ಇಲ್ಲ.

ಹಾಡು ಶುರುವಾಯಿತು. ಮೊದಲ ಸಾಲು ಗೋಪಾಲನ ಹಾಗೆ ಹೊರಟು ಎರಡನೆಯ ಸಾಲಿಗೆ ಗೋವಿನ ಹಾಗೆ ಮುಗಿಯಿತು. ಮಡಕೆ ಒಡೆಯಬೇಕಾದವನ ಗಂಟಲೇ ಒಡೆದಿತ್ತು. ಮುನೀಶ ಬಾಯಿತುಂಬ ಬೆಣ್ಣೆ ಇಟ್ಟುಕೊಂಡು ಕಿಸಕ್ಕೆಂದ.

"ಹಾಡು ಬುಡು, ಬೇರೆಯವರ ಕೈಲಿ ಹಾಡಿಸ್ತೀನಿ. ನಿನ್ನ ಆ ಹೆಜ್ಜೆ ಆಕ್ಲಾ," ಎಂದ ತಿಮ್ಮರಾಜು.

ಕುಮಾರೇಶ ಒಂದು ಕಾಲು ಎತ್ತಿದ. ಊರಿದ. ಯೋಚನೆ ಮಾಡಿ ಇನ್ನೊಂದನ್ನು ಎತ್ತಿದ. ಕೆಸರುಗದ್ದೆಗೆ ಇಳಿಯುವವನ ಹಾಗಿತ್ತು.

"ಪೋಚ್ಚು! ಎಲ್ಲಾ ಹೋಗ್ಬುಟ್ತು!" ತಿಮ್ಮರಾಜು ಟೋಪಿ ತೆಗೆದು ಬಂಡೆಗೆ ಬಡಿದ. "ನೋಡು ಶಶಿಕಲಮ್ಮ, ಕಂಸನ ಕಡೆಗೊಬ್ಬ ರಾಕ್ಷಸ ಬೇಕು. ಕೃಷ್ಣ ಒದ್ರೆ ಬೀಳೋದು, ಅಷ್ಟೇ. ಮಾತಿಲ್ಲ, ಹಾಡಿಲ್ಲ. ಬೇಕಿದ್ರೆ ಮಾಡ್ಲಿ," ಎಂದು ಸಾಮಾನಿನ ಮೂಟೆಯಿಂದ ರಾಕ್ಷಸನ ಮೀಸೆ, ಗದೆ, ಮೊಣಕಾಲವರೆಗೆ ಪಟ್ಟಿ ಸುತ್ತುವ ದಪ್ಪ ಚರ್ಮದ ಚಪ್ಪಲಿ ತೆಗೆದು ಎಸೆದ.

"ನನ್ನ ಮಗ ಒದೆ ತಿನ್ನೋದಾ? ಈ ಮೂಗು ಸುರ್ಸೋ ಮುನೀಶನ ಕೈಲಿ?"

"ಅವನ ಕೈಲಿ ಅಲ್ಲ, ಕಾಲಲ್ಲಿ."

"ತಿಮ್ಮರಾಜಣ್ಣ, ನಾಲಿಗೆ ಬಿಗಿ ಹಿಡ್ದು ಮಾತಾಡು! ನನ್ನ ಮಗ ಇಲ್ದೆ ಹೋಗಿದ್ರೆ ನೀನಿನ್ನೂ ಮದ್ವೆ ಮನೇಲಿ ಹೆಣ್ಣಿನ ಚಿಕ್ಕಮ್ಮ ಪಾಯ್ಸ ಕುಡಿಯೋದನ್ನ ತೆಗೀತಾ ಇರ್ತಿದ್ದೆ!"

"ಆ ಚಿಕ್ಕಮ್ಮನಾದ್ರೂ ವಾಸಿ. ಮಗ ದೊಡ್ಡವನಾದ ಅಂತ ನನ್ ಮೇಲೆ ಜಗಳಕ್ಕೆ ಬರ್ತಿರ್ಲಿಲ್ಲ!"

ಇಬ್ಬರ ಕೂಗಿಗೆ ಕೋಟೆಯ ಕೋತಿಗಳು ಗೋಡೆಯಾಚೆ ಹಾರಿದವು. ಕುಮಾರೇಶ ಮಾತ್ರ ಬಂಡೆಯ ಮೇಲೆ ಕೂತು ತನ್ನ ಅಂಗಾಲು ನೋಡಿಕೊಳ್ಳುತ್ತಿದ್ದ. ಶಶಿಕಲಾ ಅವನ ರಟ್ಟೆ ಹಿಡಿದೆಬ್ಬಿಸಿ ಎಲ್ಲರೆದುರು ನಿಲ್ಲಿಸಿದಳು. ಇಷ್ಟು ವರ್ಷ ಆಕಾಶ ತೋರಿಸಿದವಳಿಗೆ ಇವತ್ತು ಸಾಕ್ಷಿ ಬೇಕಿತ್ತು.

"ಹೇಳ್ಲಾ ಕುಮಾರ, ಈ ವಯ್ಯನ ಮುಖದ ಮೇಲೆ ಹೊಡ್ದಂಗೆ ಹೇಳು. ಆ ಹೆಜ್ಜೆ ನಿಂಗೆ ಕೊಟ್ಟೋರ್ಯಾರು? ಇವ್ನಾ, ಮೇಲಿರೋನಾ?"

ಕುಮಾರೇಶ ತಲೆಯೆತ್ತಿ ಮೋಡ ನೋಡಿದ. ಆಮೇಲೆ ಬಗ್ಗಿ ರಾಕ್ಷಸನ ಚಪ್ಪಲಿಯೊಳಗೆ ಕಾಲು ತೂರಿಸಿದ. ಅಳತೆ ಸರಿಯಾಗಿತ್ತು.

"ಯಾರೂ ಕೊಡ್ಲಿಲ್ಲ ಕಣಮ್ಮ. ಬಂಡೆ ಕಾದು ಕಾಲು ಸುಡ್ತಿತ್ತು, ಅದ್ಕೇ ಹಾರ್ತಿದ್ದೆ."