ಅವ್ವನಿಗೆಂದು ಉಳಿಸಿದ ರಿಲೇ

ಲಕಮನಹಳ್ಳಿಯ ನಮ್ಮ ಚಿಕ್ಕ ಕಾರ್ಖಾನೆಯಲ್ಲಿ ಕರುಣಾ ಸರ್ಕ್ಯೂಟ್ ಬೋರ್ಡುಗಳ ವಿನ್ಯಾಸ ಮಾಡುತ್ತಾಳೆ. ಅವಳ ತಾಯಿ ಸತ್ಯವ್ವ ಅಲ್ಲೇ ಆ ಬೋರ್ಡುಗಳಿಗೆ ಬೆಸುಗೆ ಹಾಕುತ್ತಿದ್ದರು. ಅದೇ ಬೆಸುಗೆಯ ದುಡಿಮೆಯಲ್ಲಿ ಮಗಳನ್ನು ಓದಿಸಿದವರು. ಮಧ್ಯಾಹ್ನ ಅವರು ಡಬ್ಬಿ ತೆರೆದು, ರೊಟ್ಟಿ ಮುರಿದು ಮಗಳ ಮುಂದಿಡುವಾಗ, ಬೋರ್ಡು ಪರೀಕ್ಷಿಸುವ ನಾನು ಪಕ್ಕದ ಮೇಜಿನಿಂದ ಕಾಡಿಸುತ್ತಿದ್ದೆ: "ಇಂಜಿನಿಯರ್ ಮೇಡಂಗ ಇನ್ನೂ ತುತ್ತು ಮಾಡಿ ಕೊಡಬೇಕೇನ್ರಿ?"

"ನಿನಗ್ಯಾಕ ಹೊಟ್ಟಿಕಿಚ್ಚು? ನೀನೂ ಬಾ," ಎನ್ನುತ್ತಿದ್ದರು.

ಹೋದ ವರ್ಷ ಮಾಲೀಕ ರಾಜಶೇಖರ ಅವರು ಯಂತ್ರ ತರಿಸಿದರು. ಬಿಡಿಭಾಗಗಳನ್ನು ತಾನೇ ಎತ್ತಿ ಬೋರ್ಡಿನ ಮೇಲೆ ಕೂರಿಸುವ ಯಂತ್ರ. ಆಮೇಲೆ ಬಿಸಿ ಒಲೆಯಲ್ಲಿ ಹಾಯಿಸಿದರೆ ಬೆಸುಗೆಯೂ ಮುಗಿಯಿತು. ಆದರೆ ಬೋರ್ಡಿನ ತೂತಿಗೆ ಇಳಿಯುವ ಉದ್ದ ಕಾಲಿನ ಭಾಗಗಳು ಅದಕ್ಕೆ ಆಗಿಬರುವುದಿಲ್ಲ. ಮೇಲೆಯೇ ಚಪ್ಪಟೆಯಾಗಿ ಕೂರುವಂಥವು ಬೇಕು. ಎಳೆಯ ಕೂಸುಗಳನ್ನು ಬೆಚ್ಚಗಿಡುವ ಆಸ್ಪತ್ರೆ ತೊಟ್ಟಿಲಿನ ಬೋರ್ಡನ್ನು ಹಾಗೆ ಬದಲಿಸುವ ಕೆಲಸ ಕರುಣಾಳ ಪಾಲಿಗೆ ಬಂತು. ಅದು ಮುಗಿದರೆ ಬೆಸುಗೆಯ ಹೆಂಗಸರಿಗೆ ಕೆಲಸವಿಲ್ಲ. ಎಂಥ ಪೀಕಲಾಟ ನೋಡಿ, ತಾಯಿಯನ್ನು ಮನೆಗೆ ಕಳಿಸುವ ನಕ್ಷೆಯನ್ನು ಮಗಳೇ ಬರೆಯಬೇಕು.

ಕರುಣಾ ಒಂದನ್ನು ಬಿಟ್ಟು ಎಲ್ಲವನ್ನೂ ಬದಲಿಸಿದಳು. ಉಳಿದದ್ದು ತೊಟ್ಟಿಲು ಸಾಕಷ್ಟು ಕಾದ ಮೇಲೆ ಹೀಟರ್ ಆರಿಸುವ ರಿಲೇ. ರಿಲೇಯಲ್ಲೂ ಚಪ್ಪಟೆಯದು ಸಿಗುತ್ತಿತ್ತು.

"ಇದೊಂದು ಕೈಲೇ ಆಗಬೇಕ್ರಿ ಸರ್," ಎಂದಳು.

"ಆತು. ಹಂಗಾರ ಸತ್ಯವ್ವ ಒಬ್ಬರು ಇರಲಿ," ಎಂದರು ಮಾಲೀಕರು.

ಮಗಳು ಖುಷಿಯಿಂದ ತಾಯಿಗೆ ಸುದ್ದಿ ಹೇಳಿದಳು. ಸತ್ಯವ್ವ ಡಬ್ಬಿ ಬದಿಗೆ ಸರಿಸಿದರು.

"ಖರೇ ಹೇಳು. ಚಪ್ಪಟಿ ರಿಲೇ ಸಿಗಂಗಿಲ್ಲೇನು?"

ಕರುಣಾ ತಲೆ ತಗ್ಗಿಸಿದಳು. ಸತ್ಯವ್ವ ಬಲಗೈ ಚಾಚಿದರು. ಬೆರಳುಗಳು ನಡುಗುತ್ತಿದ್ದವು.

"ದೀಪಾವಳಿಯಿಂದ ಹಿಂಗ ಆಗೇತಿ. ನಾ ಹಾಕಿದ ಬೆಸಿಗಿ ಎಲ್ಲಾ ಲಾಲಬಿ ತಿದ್ದಾಕತ್ತಾಳ. ಇನ್ನ ಮ್ಯಾಲ ಆಕೀನೂ ಇರಂಗಿಲ್ಲ. ಬೆಸಿಗಿ ಬಿಟ್ಟು ಹೀಟರ್ ಆರದಿದ್ರ? ಆ ತೊಟ್ಟಲದಾಗ ಯಾರದೋ ಕೂಸು ಮಲಗ್ತೈತಿ, ಕರುಣಾ. ಆ ರಿಲೇ ತಗದು ಚಪ್ಪಟಿದು ಹಾಕು."

"ನಿನ್ನ ಕೆಲಸ, ಯವ್ವಾ?"

"ಕೂಸಿನಕಿಂತ ದೊಡ್ಡದೇನ ಅದು?"

ಲಾಲಬಿ ಬೆಸುಗೆಯ ಸಾಲಿನಲ್ಲಿ ಸತ್ಯವ್ವನವರ ಪಕ್ಕದ ಕುರ್ಚಿಯವಳು. ಗೆಳತಿಯ ಗುಟ್ಟನ್ನು ಅಷ್ಟು ದಿನ ಹೊಟ್ಟೆಯಲ್ಲಿಟ್ಟುಕೊಂಡಿದ್ದಳು. ಪರೀಕ್ಷೆಯ ಮೇಜಿನ ನನಗೂ ಸುಳಿವು ಹತ್ತಿರಲಿಲ್ಲ. ಕರುಣಾ ಕಣ್ಣೊರೆಸಿಕೊಳ್ಳುತ್ತಲೇ ಕಂಪ್ಯೂಟರ್ ಪರದೆಯ ಮುಂದೆ ಕೂತು ಆ ರಿಲೇಯನ್ನು ಬದಲಿಸಿದಳು.

ಒಲೆಯಿಂದ ಹೊರಬಂದ ಮೊದಲ ಬೋರ್ಡನ್ನು ಅವಳು ತಾಯಿಯ ಕೈಗೇ ಕೊಟ್ಟಳು. ಸತ್ಯವ್ವ ಬೆಳಕಿಗೆ ಹಿಡಿದು ನೋಡಿ, ರಿಲೇಯನ್ನು ಹೆಬ್ಬೆರಳಿನಿಂದ ಒತ್ತಿದರು.

"ಗಟ್ಟಿ ಕುಂತೈತಿ," ಎಂದು ಬೋರ್ಡನ್ನು ನನ್ನ ಕಡೆ ಚಾಚಿದರು.

ಅದು ಅವರು ಕಾರ್ಖಾನೆಗೆ ಬಂದ ಕೊನೆಯ ದಿನ. ಮಧ್ಯಾಹ್ನ ಡಬ್ಬಿ ತೆರೆದಾಗ ನಾನೂ ಕುರ್ಚಿ ಎಳೆದುಕೊಂಡು ಅವರ ಹತ್ತಿರ ಹೋಗಿ ಕೂತೆ. ಕರುಣಾ ರೊಟ್ಟಿಯನ್ನು ಸಣ್ಣಗೆ ಮುರಿದು ತಾಯಿಯ ಮುಂದಿಟ್ಟಳು.