ಅದಲ್ಲ, ಎಸ್ತೆ!

ಮೊನ್ನೆ ನಾನು ಪಾಠ ಮಾಡುವ ಮೇಜಿನಲ್ಲಿದ್ದ ಹಳದಿ ಬಣ್ಣದ ಮರದ ಕುದುರೆಯ ಮೇಲೆ ಬಿಸಿಲು ಬಿದ್ದಿತ್ತು. ಎತ್ತಿ ಮೂಗಿಗೆ ಹಿಡಿದೆ. ಅದೇ ಅರಗಿನ ವಾಸನೆ... ಚನ್ನಪಟ್ಟಣದ ನಮ್ಮ ಎದುರುಮನೆ ಅತ್ತೆ ನೆನಪಾದರು. ನಂಟೇನಿಲ್ಲ, ಕೇರಿಗೆಲ್ಲ ಅತ್ತೆ.

ಅವರ ಯಜಮಾನರು ಜಗುಲಿಯ ಯಂತ್ರದಲ್ಲಿ ಬೊಂಬೆ ಕಡೆಯುತ್ತಿದ್ದರು, ಅತ್ತೆ ಅರಗಿನ ಬಣ್ಣ ಹಚ್ಚುತ್ತಿದ್ದರು. ಗಂಡನ ಹೆಸರು ಹೇಳುವ ರೂಢಿಯಿಲ್ಲ. 'ಇವ್ರು' ಅಂದರೆ ಮುಗಿಯಿತು. ಯಜಮಾನರು ತೀರಿಕೊಂಡ ಮೇಲೆ ಅತ್ತೆಯೇ ಯಂತ್ರದ ಮುಂದೆ ಕೂತರು. ಆಗಲೂ "ಇವ್ರಿಗೆ ಖಾರ ಆಗ್ಬರಲ್ಲ" ಎಂದು ಸಾರಿಗೆ ಮೆಣಸು ಕಡಿಮೆ ಹಾಕುವರು. ಕೇರಿಯವರು ಮುಖ ಮುಖ ನೋಡಿಕೊಳ್ಳುತ್ತಿದ್ದರು.

ಆಗ ನಾನು ಸ್ಪ್ಯಾನಿಷ್ ಕಲಿಯುತ್ತಿದ್ದೆ. ನಮ್ಮ ಇದು, ಅದು ಎರಡರ ಜಾಗದಲ್ಲಿ ಆ ಭಾಷೆಗೆ ಮೂರು ಪದ. ನನ್ನ ಹತ್ತಿರದ್ದು ಎಸ್ತೆ, ನಿನ್ನ ಹತ್ತಿರದ್ದು ಎಸೆ, ಇಬ್ಬರಿಗೂ ದೂರದ್ದು ಅಕೆಲ್. ಅತ್ತೆಯ ಜಗುಲಿಯಲ್ಲಿ ಕುದುರೆಗಳನ್ನು ಅಲ್ಲೊಂದು ಇಲ್ಲೊಂದು ಇಟ್ಟು ಬಾಯಿಪಾಠ ಮಾಡುತ್ತಿದ್ದೆ. ಕೇಳಿ ಕೇಳಿ ಅತ್ತೆಗೂ ಬಂತು.

"ಏನವ್ವಾ, ಒಸಿ ದೂರ ಹೋದ್ರೆ ಕರೆಯೋದೇ ಬೇರೆನಾ? ಒಳ್ಳೆ ನೆಂಟ್ರು ಇದ್ದಂಗೈತೆ!" ಎಂದು ನಗುವರು.

ಒಂದು ಬೆಳಗ್ಗೆ ಅವರ ಮೈದುನ ಆಳುಗಳೊಂದಿಗೆ ಬಂದು ಬೀದಿಯಲ್ಲೇ ನಿಂತ. ಜಗುಲಿಯಲ್ಲಿ ಮೊಬೈಲ್ ಅಂಗಡಿ ಇಡಿಸಬೇಕಂತೆ. ಯಂತ್ರದತ್ತ ಬೆರಳು ತೋರಿಸಿದ.

"ಅದ್ನ ಎತ್ರಲಾ ಆಚಿಕೆ. ಅಣ್ಣನೇ ಇಲ್ದ ಮೇಲೆ ಅದ್ಯಾಕೆ? ಹೆಂಗಸು ಕಡೀತಾಳಾ?"

ಅತ್ತೆ ಏಳಲಿಲ್ಲ. ಎರಡೂ ಅಂಗೈ ಯಂತ್ರದ ಮೇಲೆ ಊರಿದರು. "ಅದು ಅಲ್ಲ ಕಣಪ್ಪ, ಎಸ್ತೆ! ನನ್ ಕೈಕೆಳಗೇ ಐತೆ. ಇವ್ರೂ ಇಲ್ಲೇ ಅವ್ರೆ. ಎತ್ತೋದಾದ್ರೆ ನನ್ನೂ ಸೇರ್ಸಿ ಎತ್ತು."

ಆಳುಗಳು ಹಿಂದೆ ಸರಿದರು. ಮೈದುನ ಗೊಣಗುತ್ತ ಹೋದ. ಅತ್ತೆ ಯಂತ್ರದ ಸ್ವಿಚ್ ಒತ್ತಿದರು. ನನಗಂತೂ ಬೀದಿಯಲ್ಲಿ ಕುಣಿಯುವಷ್ಟು ಖುಷಿ... ಈ ಕುದುರೆ ಅವತ್ತು ಕಡೆದದ್ದು.

ಈಗ ಅತ್ತೆಯೂ ಇಲ್ಲ. ಜಗುಲಿಯಲ್ಲಿ ಮೊಬೈಲ್ ಕವರುಗಳು ನೇತಾಡುತ್ತವೆ. ಆ ದಾರಿಯಲ್ಲಿ ಹೋದರೆ ಇವತ್ತಿಗೂ ಮುಖ ತಿರುಗಿಸುತ್ತೇನೆ. ನಾನು ರಾಮನಗರದಲ್ಲಿ ಸ್ಪ್ಯಾನಿಷ್ ಕಲಿಸುತ್ತೇನೆ. ದೂರವಾದವರಿಗೆಲ್ಲ ಮೂರನೆಯ ಪದ, ಅಕೆಲ್, ಎನ್ನುತ್ತದೆ ಪುಸ್ತಕ. ಅನ್ನಲಿ. ಮಕ್ಕಳಿಗೆ ಹಾಗೆಯೇ ಕಲಿಸುತ್ತೇನೆ, ಪರೀಕ್ಷೆ ಪಾಸಾಗಬೇಕಲ್ಲ. ಆದರೆ ಈ ಕುದುರೆ ಮಾಡಿದವರು ಯಾರು ಎಂದು ಅವರು ಕೇಳಿದಾಗ, ಅದನ್ನು ಮುಷ್ಟಿಯಲ್ಲಿ ಬಿಗಿಯಾಗಿ ಹಿಡಿದು ಹೇಳುತ್ತೇನೆ: "ಇವರು."